‘ಅವನು ಮೊದಲಿಂದ್ಲೂ ಹಾಗೇ’ ಅನ್ನುವ ಮೊದಲು: ಮನೋವೈದ್ಯರ ಜೊತೆ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಈ ಸಲದ ಪ್ರಶ್ನೋತ್ತರ ವಯಸ್ಸಿಗೆ ಬಂದ ನಮ್ಮ ಮಕ್ಕಳು, ತಮ್ಮಂದಿರು, ಅಕ್ಕಂದಿರ ಮನಸ್ಸಿನ ಆರೋಗ್ಯದ ಬಗ್ಗೆ. ಬೌದ್ಧಿಕ ವಿಕಲತೆ (ಬುದ್ಧಿಮಾಂದ್ಯ ಅನ್ನುತ್ತಿದ್ದುದು), ಆಟಿಸಂ (ಬೇರೆಯವರ ಜೊತೆ ಮಾತು, ಒಡನಾಟದ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವುದು), ಡೌನ್ ಸಿಂಡ್ರೋಮ್ ಇರುವವರು, ಅಪಘಾತದಿಂದ ಮೆದುಳಿಗೆ ಪೆಟ್ಟಾದವರು, ಇಂಥ ವಯಸ್ಕರನ್ನೇ ಹೆಚ್ಚಾಗಿ ನೋಡುವ ಮನೋವೈದ್ಯೆಯೊಬ್ಬರು ಉತ್ತರ ಕೊಟ್ಟಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ. – ಅಡ್ಮಿನ್

ತಿಪಟೂರಿನಿಂದ ಒಬ್ಬ ತಾಯಿ: ಮೇಡಂ, ನನ್ನ ಮಗನಿಗೆ 26 ವರ್ಷ. ಬುದ್ಧಿಮಾಂದ್ಯ ಅಂತ ಚಿಕ್ಕಂದಿನಲ್ಲೇ ಹೇಳಿದ್ದಾರೆ. ಮಾತು ಕಮ್ಮಿ, ಆದರೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದ, ತರಬೇತಿ ಕೇಂದ್ರಕ್ಕೆ ಖುಷಿಯಿಂದ ಹೋಗುತ್ತಿದ್ದ. ಈಗ ಮೂರು ತಿಂಗಳಿಂದ ತಲೆ ಚಚ್ಚಿಕೊಳ್ಳುತ್ತಾನೆ, ರಾತ್ರಿ ನಿದ್ದೆ ಇಲ್ಲ, ಊಟ ತಳ್ಳುತ್ತಾನೆ. ಡಾಕ್ಟರಿಗೆ ತೋರಿಸಿದೆವು. ‘ಇಂಥ ಮಕ್ಕಳು ಹೀಗೇ ಇರ್ತಾರೆ’ ಅಂದು ರಿಸ್ಪೆರಿಡೋನ್ ಅನ್ನುವ ಮಾತ್ರೆ ಬರೆದುಕೊಟ್ಟರು. ಈಗ ಸುಮ್ಮನೆ ಬಿದ್ದುಕೊಂಡಿರುತ್ತಾನೆ, ಚಚ್ಚಿಕೊಳ್ಳೋದು ಮಾತ್ರ ಪೂರ್ತಿ ನಿಂತಿಲ್ಲ.

ಡಾಕ್ಟರ್: ಅಮ್ಮಾ, ನಿಮ್ಮ ಪ್ರಶ್ನೆಯಲ್ಲೇ ಬಹಳ ಮುಖ್ಯವಾದ ಮಾತು ಇದೆ. ‘ಮೂರು ತಿಂಗಳಿಂದ’ ಅಂದಿರಿ. ಅವನ ಬೌದ್ಧಿಕ ವಿಕಲತೆ ಹುಟ್ಟಿನಿಂದ ಇದೆ. ಅದು ಮೂರು ತಿಂಗಳ ಹಿಂದೆ ಬದಲಾಗಲಿಲ್ಲ. ಹಾಗಾದರೆ ಬದಲಾಗಿದ್ದು ಬೇರೆ ಏನೋ. ಅದನ್ನು ಹುಡುಕುವುದೇ ಮೊದಲ ಕೆಲಸ. ‘ಇಂಥ ಮಕ್ಕಳು ಹೀಗೇ’ ಅಂದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ನೋವು ಕೊಡುವುದು ಆ ಮಾತೇ.

ಮೊದಲು ದೇಹ. ನೋವು ಅಂತ ಬಾಯಿಬಿಟ್ಟು ಹೇಳಲು ಆಗದವರು ನೋವನ್ನು ನಡತೆಯಲ್ಲಿ ತೋರಿಸುತ್ತಾರೆ. ತಲೆ, ಕೆನ್ನೆ ಚಚ್ಚಿಕೊಳ್ಳುವವರಲ್ಲಿ ಹಲ್ಲು ಮತ್ತು ಕಿವಿ ನೋಡಲೇಬೇಕು. ಹುಳುಕು ಹಲ್ಲು, ಕಿವಿ ಸೋರುವುದು, ಗುಗ್ಗೆ ಗಟ್ಟಿಯಾಗಿರುವುದು, ಇವೆಲ್ಲ ಬಹಳ ಸಾಮಾನ್ಯ. ಊಟ ತಳ್ಳುತ್ತಾನೆ ಅಂದರೆ ಹೊಟ್ಟೆಯಲ್ಲಿ ಹುಳಿ ಮೇಲೆ ಬರುತ್ತಿರಬಹುದು, ಮಲಬದ್ಧತೆ ಇರಬಹುದು. ದಿನಕ್ಕೊಮ್ಮೆ ಟಾಯ್ಲೆಟ್‌ಗೆ ಹೋಗುತ್ತಾನೆ ಅಂದ ಮಾತ್ರಕ್ಕೆ ಹೊಟ್ಟೆ ಖಾಲಿಯಾಗಿದೆ ಅಂತಲ್ಲ. ಥೈರಾಯ್ಡ್, ಸಕ್ಕರೆ, ಬಿ12, ರಕ್ತಹೀನತೆ ಒಮ್ಮೆ ಪರೀಕ್ಷೆ ಮಾಡಿಸಿ. ಹಿಂದೆ ಫಿಟ್ಸ್ ಇತ್ತಾ? ರಾತ್ರಿ ಫಿಟ್ಸ್ ಬರುತ್ತಿದ್ದರೆ ನಮಗೆ ಗೊತ್ತೇ ಆಗದೆ ಹೋಗಬಹುದು.

ಆಮೇಲೆ ಅವನ ಸುತ್ತ ಏನು ಬದಲಾಯಿತು ಅಂತ ನೋಡಿ. ಕೇಂದ್ರದಲ್ಲಿ ಟೀಚರ್ ಬದಲಾದರಾ? ಬಸ್ ಬದಲಾಯಿತಾ? ಯಾರಾದರೂ ಹೊಡೆಯುತ್ತಿದ್ದಾರಾ, ರೇಗಿಸುತ್ತಿದ್ದಾರಾ? ಈ ಪ್ರಶ್ನೆಗೆ ಮುಜುಗರ ಬೇಡ. ಮನೆಯಲ್ಲಿ ಯಾರಾದರೂ ಬಂದರಾ, ಹೋದರಾ? ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಚಚ್ಚಿಕೊಂಡಾಗ ಎಷ್ಟು ಗಂಟೆ, ಅದಕ್ಕೆ ಮುಂಚೆ ಏನಾಗುತ್ತಿತ್ತು, ಆಮೇಲೆ ನೀವೆಲ್ಲ ಏನು ಮಾಡಿದಿರಿ, ಇಷ್ಟು ಬರೆದರೆ ಸಾಕು. ಎರಡು ವಾರದಲ್ಲಿ ಯಾವುದಾದರೂ ದಾರಿ ಕಾಣಿಸುತ್ತದೆ. ಊಟ ಆದ ಮೇಲೇ ಜಾಸ್ತಿ ಅಂತ ಕಂಡರೆ ಹೊಟ್ಟೆ ಕಡೆ ನೋಡುತ್ತೇವೆ. ಸೋಮವಾರ ಬೆಳಿಗ್ಗೆಯೇ ಜಾಸ್ತಿ ಅಂದರೆ ಕೇಂದ್ರದ ಕಡೆ.

ಇದೆಲ್ಲ ನೋಡುವಾಗಲೇ ಖಿನ್ನತೆಯನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ನಿದ್ದೆ ಹೋಗಿದೆ, ಊಟ ಹೋಗಿದೆ, ಇಷ್ಟದ ಕೇಂದ್ರ ಬೇಡವಾಗಿದೆ. ಇದೇ ಮೂರನ್ನು ಬೇರೆ 26 ವರ್ಷದ ಹುಡುಗನ ಬಗ್ಗೆ ಹೇಳಿದ್ದರೆ ಯಾವ ಡಾಕ್ಟರಾದರೂ ಖಿನ್ನತೆಯ ಬಗ್ಗೆ ಯೋಚಿಸುತ್ತಿದ್ದರು ಅಲ್ವಾ? ಬೌದ್ಧಿಕ ವಿಕಲತೆ ಇರುವವರಲ್ಲಿ ಅದು ದುಃಖದ ಮಾತಾಗಿ ಹೊರಗೆ ಬರುವುದಿಲ್ಲ. ಸಿಟ್ಟಾಗಿ, ಅಳುವಾಗಿ, ಚಚ್ಚಿಕೊಳ್ಳುವುದಾಗಿ, ಕಲಿತ ಕೆಲಸ ಮರೆತಂತೆ ಬರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬೌದ್ಧಿಕ ವಿಕಲತೆ ಇರುವ 1,023 ವಯಸ್ಕರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ನಡತೆಯ ತೊಂದರೆಗಳನ್ನೂ ಸೇರಿಸಿದರೆ ನೂರಕ್ಕೆ ಸುಮಾರು 41 ಜನರಿಗೆ ಮಾನಸಿಕ ಆರೋಗ್ಯದ ಸಮಸ್ಯೆ ಇತ್ತು. ಅಂದರೆ ಇದು ಅಪರೂಪವಲ್ಲ. ನೋಡುವವರು ಕಮ್ಮಿ, ಅಷ್ಟೇ.

ಮಾತ್ರೆ ಬಗ್ಗೆ. ರಿಸ್ಪೆರಿಡೋನ್ ಮುಖ್ಯವಾಗಿ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಔಷಧಿ. ಅದು ಕೆಟ್ಟದ್ದಲ್ಲ, ಬೇಕಾದಾಗ ನಾನೂ ಕೊಡುತ್ತೇನೆ. ಆದರೆ ಕಾರಣ ಹುಡುಕದೆ ಸಿಟ್ಟಿಗೆ ಅಂತಲೇ ಕೊಡುವುದಕ್ಕೆ ಗಟ್ಟಿ ಆಧಾರ ಇಲ್ಲ. 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಬೌದ್ಧಿಕ ವಿಕಲತೆ ಮತ್ತು ಜಾಸ್ತಿ ಸಿಟ್ಟು ಇದ್ದ 86 ವಯಸ್ಕರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ರಿಸ್ಪೆರಿಡೋನ್, ಒಂದಕ್ಕೆ ಅದೇ ಬಗೆಯ ಹ್ಯಾಲೋಪೆರಿಡಾಲ್, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಬರೀ ಮಾತ್ರೆ. ನಾಲ್ಕು ವಾರ ಆದಾಗ ಮೂರೂ ಗುಂಪಿನಲ್ಲಿ ಸಿಟ್ಟು ಇಳಿದಿತ್ತು. ಎಲ್ಲಕ್ಕಿಂತ ಹೆಚ್ಚು ಇಳಿದಿದ್ದು ಬರೀ ಮಾತ್ರೆ ತಿಂದವರಲ್ಲಿ. ಯಾರೋ ಗಮನ ಕೊಟ್ಟರು, ಬಂದು ನೋಡಿದರು, ಸುತ್ತಲಿನವರೂ ಸ್ವಲ್ಪ ಸಮಾಧಾನವಾದರು. ಅದರಿಂದಲೂ ಇಷ್ಟು ಆಗುತ್ತದೆ ಅಂತ ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ.

ಹಾಗಂತ ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ, ‘ಇದು ಯಾವ ಕಾಯಿಲೆಗೆ, ಎಷ್ಟು ದಿನ, ಯಾವಾಗ ಕಮ್ಮಿ ಮಾಡ್ತೀರಿ’ ಅಂತ ಕೇಳಿ. ತೂಕ ತಿಂಗಳಿಗೊಮ್ಮೆ ಬರೆದಿಡಿ. ಮೂರು ತಿಂಗಳಿಗೆ ಸಕ್ಕರೆ, ಕೊಬ್ಬು ನೋಡಿಸಿ. ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಸಣ್ಣ ಮಾತ್ರೆ (ಇಂಥ ಔಷಧಿಯಿಂದ ಬರುವ ನಡುಕ, ಬಿಗಿತಕ್ಕೆ ಕೊಡುವುದು) ಇದೆಯಾ ನೋಡಿ. ಅದು ಬಾಯಿ ಒಣಗಿಸುತ್ತದೆ, ಮಲಬದ್ಧತೆ ಜಾಸ್ತಿ ಮಾಡುತ್ತದೆ, ನೆನಪನ್ನೂ ಮಂಕು ಮಾಡುತ್ತದೆ.

ಅದೇ ತಾಯಿ: ಮೇಡಂ, ಓದುತ್ತಾ ಅಳು ಬಂತು. ನಮ್ಮ ಅತ್ತೆ ತೀರಿಕೊಂಡು ನಾಲ್ಕು ತಿಂಗಳು. ಅವನು ಅವರ ಪಕ್ಕದಲ್ಲೇ ಮಲಗುತ್ತಿದ್ದ. ಅವತ್ತು ಅವನನ್ನು ತಂಗಿ ಮನೆಗೆ ಕಳಿಸಿಬಿಟ್ಟೆವು. ‘ಅಜ್ಜಿ ಊರಿಗೆ ಹೋಗಿದ್ದಾರೆ’ ಅಂದಿದ್ದೇವೆ. ಅವನಿಗೆ ಅರ್ಥ ಆಗಲ್ಲ ಅಂದುಕೊಂಡೆವು. ಈಗ ಏನು ಮಾಡಲಿ?

ಡಾಕ್ಟರ್: ಅವನಿಗೆ ನೋವಾಗಬಾರದು ಅಂತಲೇ ಹಾಗೆ ಮಾಡಿದಿರಿ. ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ಆದರೆ ಅವನಿಗೆ ಅಜ್ಜಿ ಇಲ್ಲ ಅನ್ನುವುದು ದಿನಾ ರಾತ್ರಿ ಗೊತ್ತಾಗುತ್ತಿದೆ, ಯಾಕೆ ಅಂತ ಮಾತ್ರ ಗೊತ್ತಿಲ್ಲ. ಊರಿಗೆ ಹೋದವರು ಬರಬೇಕಲ್ಲ, ಅವನು ಕಾಯುತ್ತಿರಬಹುದು.

ಈಗಲೂ ಹೇಳಬಹುದು. ಅವನಿಗೆ ಹತ್ತಿರದವರು ಒಬ್ಬರೇ ಕೂತು ಹೇಳಿ. ‘ಅಜ್ಜಿ ಸತ್ತು ಹೋದರು. ಅವರ ದೇಹ ಕೆಲಸ ನಿಲ್ಲಿಸಿತು. ಅವರು ವಾಪಸ್ ಬರಲ್ಲ. ನಮಗೂ ಅಳು ಬರುತ್ತೆ.’ ಇಷ್ಟೇ ಸಣ್ಣ ಮಾತು ಸಾಕು. ‘ಮಲಗಿದ್ದಾರೆ’ ಅನ್ನಬೇಡಿ, ಆಮೇಲೆ ಅವನಿಗೆ ಮಲಗುವುದೇ ಭಯವಾಗಬಹುದು. ಅಜ್ಜಿಯ ಫೋಟೋ ಕೈಗೆ ಕೊಡಿ. ಮಣ್ಣು ಮಾಡಿದ ಜಾಗ ಇದ್ದರೆ ಕರೆದುಕೊಂಡು ಹೋಗಿ, ಹೂ ಇಡಲಿ. ವರ್ಷದ ತಿಥಿಯಲ್ಲಿ ಅವನ ಕೈಯಲ್ಲೂ ಒಂದು ಕೆಲಸ ಮಾಡಿಸಿ. ಒಂದೇ ಸಲಕ್ಕೆ ಅರ್ಥವಾಗುವುದಿಲ್ಲ, ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಅವರ ಒಂದು ಸೀರೆ ಅವನ ಹಾಸಿಗೆಯಲ್ಲಿ ಇರಲಿ. ಹಲ್ಲು, ಕಿವಿ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಕಾರಣ ಸಿಕ್ಕಿತು ಅಂತ ಇನ್ನೊಂದನ್ನು ಮರೆಯುವುದೂ ಆಗುತ್ತದೆ. ನಾಲ್ಕಾರು ವಾರದಲ್ಲಿ ಊಟ, ನಿದ್ದೆ ಸುಧಾರಿಸದಿದ್ದರೆ ಖಿನ್ನತೆಗೆ ಸರಿಯಾದ ಚಿಕಿತ್ಸೆ ಇದೆ, ಅದು ಅವನಿಗೂ ಕೆಲಸ ಮಾಡುತ್ತದೆ. ಊಟ, ನೀರು ಪೂರ್ತಿ ಬಿಟ್ಟರೆ ಅಥವಾ ತಲೆಗೆ ಗಾಯವಾಗುವಷ್ಟು ಚಚ್ಚಿಕೊಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹುಬ್ಬಳ್ಳಿಯಿಂದ ಒಬ್ಬ ಅಣ್ಣ: ನಮಸ್ಕಾರ ಡಾಕ್ಟ್ರೇ. ತಮ್ಮನಿಗೆ 31. ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ತಲೆಯ ಮುಂಭಾಗಕ್ಕೆ ಪೆಟ್ಟು ಬಿತ್ತು, ಆಪರೇಷನ್ ಆಯಿತು. ಈಗ ನಡೆಯುತ್ತಾನೆ, ಮಾತಾಡುತ್ತಾನೆ, ನೋಡಿದವರು ‘ಪೂರಾ ಆರಾಮ ಆಗ್ಯಾನ’ ಅಂತಾರೆ. ಮನೆಯಲ್ಲಿ ಬೇರೆಯೇ ಮನುಷ್ಯ. ಇಡೀ ದಿನ ಮಲಗಿರುತ್ತಾನೆ, ಸ್ನಾನಕ್ಕೂ ಹತ್ತು ಸಲ ಹೇಳಬೇಕು. ಸಣ್ಣ ಮಾತಿಗೆ ಹೆಂಡತಿಗೆ ಬೈಯುತ್ತಾನೆ, ಒಂದೆರಡು ಸಲ ಕೈ ಎತ್ತಿದ್ದಾನೆ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಇರುತ್ತಾನೆ. ಅಪ್ಪ ಸೋಮಾರಿ ಅಂತಾರೆ. ನರದ ಡಾಕ್ಟರಿಗೆ ತೋರಿಸಬೇಕಾ, ಮನಸ್ಸಿನ ಡಾಕ್ಟರಿಗಾ?

ಡಾಕ್ಟರ್: ಇಬ್ಬರಿಗೂ, ಮತ್ತು ಆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಬೇಕು. ಕೆಲಸ ಶುರು ಮಾಡುವುದು, ಸಿಟ್ಟು ಬಂದಾಗ ತಡೆಯುವುದು, ಎದುರಿನವರಿಗೆ ಏನನ್ನಿಸುತ್ತದೆ ಅಂತ ಊಹಿಸುವುದು, ಇವು ಮೆದುಳಿನ ಮುಂಭಾಗದ ಕೆಲಸ. ಅಲ್ಲಿ ಪೆಟ್ಟಾದಾಗ ಕೈಕಾಲು ಸರಿ ಇರುತ್ತವೆ, ಮಾತು ಸರಿ ಇರುತ್ತದೆ, ಆದರೆ ಎದ್ದು ಶುರು ಮಾಡುವ ಶಕ್ತಿ ಇರುವುದಿಲ್ಲ. ನಿಮ್ಮ ತಂದೆಯವರಿಗೆ ದಯವಿಟ್ಟು ಹೇಳಿ, ಇದು ಸೋಮಾರಿತನ ಅಲ್ಲ.

ಆದರೆ ಇದು ಖಿನ್ನತೆಯೂ ಇರಬಹುದು. ಅಮೆರಿಕದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ 559 ವಯಸ್ಕರನ್ನು ಒಂದು ವರ್ಷ ಗಮನಿಸಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಆ ವರ್ಷದಲ್ಲಿ ಖಿನ್ನತೆ ಬಂದಿತ್ತು. 2010ರ ವರದಿ ಅದು. ಹೇಗೆ ಗುರುತಿಸುವುದು? ಬರೀ ಉತ್ಸಾಹ ಹೋಗಿದ್ದರೆ ಮನುಷ್ಯನಿಗೆ ಅದರ ಬಗ್ಗೆ ದುಃಖ ಇರುವುದಿಲ್ಲ. ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರೆ ಬರುತ್ತಾನೆ, ಊಟ ಮಾಡುತ್ತಾನೆ, ನಗುತ್ತಾನೆ. ಖಿನ್ನತೆಯಲ್ಲಿ ಕರೆದುಕೊಂಡು ಹೋದರೂ ಖುಷಿ ಇರುವುದಿಲ್ಲ. ‘ನಾನು ಭಾರ, ಅವತ್ತೇ ಹೋಗಿದ್ದರೆ ಚೆನ್ನಾಗಿತ್ತು’ ಅನ್ನುವ ಮಾತು ಬರುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಚಿಕಿತ್ಸೆ ಬೇರೆ ಬೇರೆ, ಅದಕ್ಕೇ ಬೇರ್ಪಡಿಸಿ ನೋಡಬೇಕು.

ಒಂದು ವಿಷಯ ಕೇಳಬೇಕು. ಫಿಟ್ಸ್ ಬರದಿರಲಿ ಅಂತ ಮಾತ್ರೆ ಕೊಟ್ಟಿದ್ದಾರಾ? ಯಾವುದು?

ಹುಬ್ಬಳ್ಳಿಯ ಅಣ್ಣ: ಹೌದು. ಲೆವೆಟಿರಾಸಿಟಮ್ ಅಂತ ಬರೆದಿದೆ. ಆಪರೇಷನ್ ಆದಾಗಿನಿಂದ ನಡೆದಿದೆ.

ಡಾಕ್ಟರ್: ಒಳ್ಳೆಯ ಔಷಧಿಯೇ. ಆದರೆ ಕೆಲವರಲ್ಲಿ ಸಿಡುಕು, ಸಿಟ್ಟು, ಮಂಕು ತರುತ್ತದೆ, ಇದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಇಷ್ಟು ದಿನ ಬೇಕಾ, ಬೇರೆ ಔಷಧಿಗೆ ಬದಲಾಯಿಸಬಹುದಾ ಅಂತ ನರರೋಗದ ಡಾಕ್ಟರನ್ನು ಕೇಳಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ಮನೆಯಲ್ಲೇ ಏನೂ ಮಾಡಬೇಡಿ. ಹಾಗೇ ಸಿಟ್ಟಿಗೆ ಅಂತ ಅಂಗಡಿಯಿಂದ ನಿದ್ದೆ ಮಾತ್ರೆ ತರಬೇಡಿ. ಮೆದುಳಿಗೆ ಪೆಟ್ಟಾದ ಕೆಲವರಲ್ಲಿ ಅದು ಇರುವ ಹಿಡಿತವನ್ನೂ ತಪ್ಪಿಸುತ್ತದೆ. ಕುಡಿತ ಒಂದು ತೊಟ್ಟೂ ಬೇಡ.

ಮನೆಯಲ್ಲಿ ಮಾಡಬಹುದಾದದ್ದು ಜಾಸ್ತಿ ಇದೆ. ‘ರೆಡಿಯಾಗು’ ಅನ್ನುವುದು ಅವನಿಗೆ ದೊಡ್ಡ ಕೆಲಸ. ‘ಏಳು’, ‘ಟವೆಲ್ ತಗೋ’, ‘ಬಚ್ಚಲಿಗೆ ಬಾ’ ಅಂತ ಒಂದೊಂದೇ ಹೇಳಿ. ದಿನದ ಪಟ್ಟಿ ಗೋಡೆ ಮೇಲೆ ಇರಲಿ, ಮೊಬೈಲ್‌ನಲ್ಲಿ ಅಲಾರಂ ಇರಲಿ. ಗದ್ದಲ, ಹಸಿವು, ಆಯಾಸ ಇದ್ದಾಗ ಸಿಟ್ಟು ಬೇಗ ಏರುತ್ತದೆ, ಆಗ ಲೆಕ್ಕಾಚಾರದ ಮಾತು ಎತ್ತಬೇಡಿ. ಸಿಟ್ಟು ಏರಿದಾಗ ವಾದ ಬೇಡ, ಆ ಜಾಗ ಬಿಟ್ಟು ಹೋಗಿ.

ಅವನ ಹೆಂಡತಿಯ ಬಗ್ಗೆ ಒಂದು ಮಾತು, ಇದನ್ನು ಮನೆಯವರೆಲ್ಲ ಓದಬೇಕು. ಪೆಟ್ಟಿನಿಂದ ಸಿಟ್ಟು ಬರುತ್ತದೆ ಅನ್ನುವುದು ನಿಜ. ಹಾಗಂತ ಆಕೆ ಹೊಡೆತ ತಿಂದು ಸಹಿಸಿಕೊಳ್ಳಬೇಕು ಅಂತಲ್ಲ. ಕೈ ಎತ್ತುವ ಸೂಚನೆ ಕಂಡರೆ ಆಕೆ ಯಾವ ಕೋಣೆಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು, ಇವತ್ತೇ ತೀರ್ಮಾನ ಮಾಡಿ. ಆಕೆ ಕಳೆದುಕೊಂಡದ್ದೂ ಸಣ್ಣದಲ್ಲ. ಗಂಡ ಎದುರಿಗೇ ಇದ್ದಾನೆ, ಮದುವೆಯಾದ ಮನುಷ್ಯ ಇಲ್ಲ. ಆಕೆಯ ಜೊತೆಗೂ ಒಬ್ಬರು ಆಪ್ತಸಮಾಲೋಚಕರು ಕೂತು ಮಾತಾಡಬೇಕು.

ನಿಮಗೆ ಹತ್ತಿರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪು, ಗಮನ, ಯೋಚನೆ ಇವನ್ನೆಲ್ಲ ಅಳೆದು ತರಬೇತಿ ಕೊಡುವ ನ್ಯೂರೋಸೈಕಾಲಜಿ ತಜ್ಞರು ಇದ್ದಾರೆ, ಪುನರ್ವಸತಿ ವಿಭಾಗಗಳೂ ಇವೆ. ಎರಡು ವರ್ಷ ಕಳೆಯಿತು, ಇನ್ನೇನು ಅಂತ ಬಿಡಬೇಡಿ.

ಮಂಗಳೂರಿನಿಂದ ಒಬ್ಬ ತಂಗಿ: ನನ್ನ ಅಕ್ಕನಿಗೆ ಡೌನ್ ಸಿಂಡ್ರೋಮ್, 44 ವರ್ಷ. ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಳು, ಈಗ ಬಿಟ್ಟಿದ್ದಾಳೆ. ನಿಧಾನ ಆಗಿದ್ದಾಳೆ, ಮೆಟ್ಟಿಲು ಇಳಿಯಲು ಹೆದರುತ್ತಾಳೆ. ಮರೆವಿನ ಕಾಯಿಲೆ ಶುರುವಾಯಿತಾ?

ಡಾಕ್ಟರ್: ಶುರುವಾಗಿರಬಹುದು, ಆದರೆ ಅದನ್ನು ಕೊನೆಯಲ್ಲಿ ಹೇಳಬೇಕು. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರುತ್ತದೆ. ಆಲ್‌ಝೈಮರ್ ಅನ್ನುವ ಮರೆವಿನ ಕಾಯಿಲೆಯಲ್ಲಿ ಮೆದುಳಲ್ಲಿ ಶೇಖರವಾಗುವ ಅಮಿಲಾಯ್ಡ್ ಅನ್ನುವ ಪ್ರೋಟೀನ್‌ಗೆ ಸಂಬಂಧಿಸಿದ ಜೀನ್ ಅದೇ ಕ್ರೋಮೋಸೋಮಿನಲ್ಲಿದೆ. ಹಾಗಾಗಿ ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ.

ಆದರೆ ಹೀಗೇ ಕಾಣುವ, ಚಿಕಿತ್ಸೆ ಇರುವ ತೊಂದರೆಗಳು ಹಲವು. ಥೈರಾಯ್ಡ್ ಕಮ್ಮಿಯಾಗುವುದು ಇವರಲ್ಲಿ ಬಹಳ ಸಾಮಾನ್ಯ, ವರ್ಷಕ್ಕೊಮ್ಮೆ ನೋಡಿಸಲೇಬೇಕು. ಮೆಟ್ಟಿಲಿಗೆ ಹೆದರುತ್ತಾಳೆ, ರಂಗೋಲಿ ಬಿಟ್ಟಿದ್ದಾಳೆ ಅಂದರೆ ನನಗೆ ಮೊದಲು ನೆನಪಾಗುವುದು ಕಣ್ಣಿನ ಪೊರೆ. ಇವರಿಗೆ ಪೊರೆ ಬೇಗ ಬರುತ್ತದೆ. ಕಿವಿ ಮಂದವಾದರೆ ಕರೆದಾಗ ಓಗೊಡುವುದಿಲ್ಲ, ನಾವು ಮರೆವು ಅಂದುಕೊಳ್ಳುತ್ತೇವೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ನಿಂತು ನಿಂತು ಬರುತ್ತದಾ? ಕತ್ತಿನ ಮೂಳೆ ಸಡಿಲವಾಗಿ ನರ ಒತ್ತುವುದೂ ಇದೆ, ನಡಿಗೆ ಬದಲಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಖಿನ್ನತೆ ಅಂತೂ ಇದ್ದೇ ಇದೆ.

ಹಳೆಯ ವಿಡಿಯೋಗಳಿದ್ದರೆ ತೆಗೆದುಕೊಂಡು ಹೋಗಿ. ಅವಳು ಐದು ವರ್ಷದ ಹಿಂದೆ ಹೇಗಿದ್ದಳು ಅಂತ ಡಾಕ್ಟರಿಗೆ ಗೊತ್ತಾಗಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಡೌನ್ ಸಿಂಡ್ರೋಮ್ ಇರುವ, ಮೂವತ್ತರ ಆಸುಪಾಸಿನ ಮಕ್ಕಳಿರುವ ಮನೆಯವರು ಈಗಲೇ ವರ್ಷಕ್ಕೊಂದು ವಿಡಿಯೋ ಮಾಡಿಟ್ಟುಕೊಳ್ಳಿ. ಬಟ್ಟೆ ಹಾಕಿಕೊಳ್ಳುವುದು, ಊಟ ಬಡಿಸುವುದು, ಮನೆಯವರ ಹೆಸರು ಹೇಳುವುದು, ಅಷ್ಟು ಸಾಕು.

ಬೆಂಗಳೂರಿನಿಂದ: ನನಗೆ 29, ಸಾಫ್ಟ್‌ವೇರ್ ಕೆಲಸ. ಆಟಿಸಂ ಇದೆ ಅಂತ ಕಳೆದ ವರ್ಷ ಗೊತ್ತಾಯಿತು. ಆತಂಕ ಜಾಸ್ತಿ. ಕೌನ್ಸೆಲಿಂಗ್‌ಗೆ ಹೋದರೆ ‘ಹೇಗನಿಸ್ತಿದೆ’ ಅಂತ ಕೇಳುತ್ತಾರೆ. ನನಗೆ ಉತ್ತರ ಬರುವುದಿಲ್ಲ. ಸಹಕರಿಸುತ್ತಿಲ್ಲ ಅಂದುಕೊಳ್ಳುತ್ತಾರೆ. ಕೆಲವು ದಿನ ಬದುಕೇ ಬೇಡ ಅನಿಸುತ್ತದೆ.

ಡಾಕ್ಟರ್: ನೀವೇ ಬರೆದಿದ್ದಕ್ಕೆ ಖುಷಿಯಾಯಿತು. ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಬದುಕು ಬೇಡ ಅನಿಸಿದಾಗ ಒಬ್ಬರೇ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಫೋನಿನಲ್ಲಿ ಮಾತಾಡುವುದು ಕಷ್ಟವಾದರೆ ಹೇಳಬೇಕಾದ ಎರಡು ಸಾಲು ಮೊದಲೇ ಬರೆದಿಟ್ಟುಕೊಳ್ಳಿ, ಅಥವಾ ನಂಬುವ ಒಬ್ಬರ ಕೈಗೆ ಫೋನ್ ಕೊಡಿ. ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಗಟ್ಟಿಯಾದರೆ ನೇರ ಆಸ್ಪತ್ರೆಗೆ ಹೋಗಿ. ಆಟಿಸಂ ಇರುವ ವಯಸ್ಕರಲ್ಲಿ ಈ ಅಪಾಯ ಜಾಸ್ತಿ, ಆದ್ದರಿಂದ ನಿಮ್ಮ ಡಾಕ್ಟರ ಮುಂದೆ ಇದನ್ನು ಮುಚ್ಚಿಡಬೇಡಿ.

ಕೌನ್ಸೆಲಿಂಗ್ ನಿಮಗೆ ಆಗುವುದಿಲ್ಲ ಅಂತಲ್ಲ, ಆ ರೀತಿ ಆಗುವುದಿಲ್ಲ ಅಷ್ಟೇ. ಆಟಿಸಂ ಇರುವ ಹಲವರಿಗೆ ಒಳಗಿನ ಭಾವನೆಗೆ ತಕ್ಷಣ ಹೆಸರು ಸಿಗುವುದಿಲ್ಲ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಕಳಿಸಲು ಕೇಳಿ. ‘ಹೇಗನಿಸ್ತಿದೆ’ ಬದಲು ‘ಎದೆ ಬಡಿತ ಜಾಸ್ತಿಯಾಗಿತ್ತಾ, ಎಲ್ಲಿದ್ದೆ, ಹತ್ತರಲ್ಲಿ ಎಷ್ಟು’ ಅಂತ ಕೇಳಲಿ. ಕೋಣೆಯ ಟ್ಯೂಬ್‌ಲೈಟ್, ಫ್ಯಾನ್ ಸದ್ದು ಕಾಟ ಕೊಟ್ಟರೆ ಹೇಳಿ, ಅದು ಹಠ ಅಲ್ಲ. ಆಫೀಸಿನಲ್ಲಿ ಇಡೀ ದಿನ ಬೇರೆಯವರ ಹಾಗೆ ನಟಿಸಿ ಸುಸ್ತಾಗುತ್ತಿದ್ದೀರಾ ಅಂತಲೂ ನೋಡಿಕೊಳ್ಳಿ. ಆತಂಕಕ್ಕೆ ಮಾತ್ರೆ ಬೇಕಾದರೆ ಬಹಳ ಕಮ್ಮಿ ಪ್ರಮಾಣದಿಂದ ಶುರು ಮಾಡಲು ಹೇಳಿ.

ಬಳ್ಳಾರಿಯಿಂದ ಒಬ್ಬ ತಾಯಿ: ಮಗಳಿಗೆ 22, ಬುದ್ಧಿಮಾಂದ್ಯ. ತಿಂಗಳ ಆ ದಿನಗಳಲ್ಲಿ ಬಹಳ ರಂಪ. ಗರ್ಭಕೋಶ ತೆಗೆಸಿಬಿಡಿ ಅಂತ ನೆಂಟರು ಹೇಳುತ್ತಾರೆ.

ಡಾಕ್ಟರ್: ಬೇಡಮ್ಮ. 1994ರಲ್ಲಿ ಪುಣೆಯಲ್ಲಿ ಸರ್ಕಾರಿ ವಸತಿ ಕೇಂದ್ರದಲ್ಲಿದ್ದ ಇಂಥ ಹೆಣ್ಣುಮಕ್ಕಳಿಗೆ ಗರ್ಭಕೋಶ ತೆಗೆದಾಗ ದೇಶದಲ್ಲಿ ದೊಡ್ಡ ವಿರೋಧವಾಗಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಆಕೆಯ ಸ್ವಂತ ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯೂ ಮಾಡುವಂತಿಲ್ಲ. ಆ ರಂಪ ಬಹುತೇಕ ಹೊಟ್ಟೆನೋವಿನದು. ಎರಡು ಮೂರು ತಿಂಗಳ ತಾರೀಕು ಬರೆದಿಡಿ. ಮುಟ್ಟು ಶುರುವಾಗುವಾಗಲೇ ನೋವಿನ ಔಷಧಿ ಕೊಡುವ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಿ, ರಕ್ತಹೀನತೆ ನೋಡಿಸಿ. ರಂಪ ಬೇರೆ ದಿನಗಳಲ್ಲೂ ಇದ್ದರೆ, ಯಾರನ್ನಾದರೂ ಕಂಡರೆ ಹೆದರುತ್ತಿದ್ದರೆ, ಆಕೆಯ ಮೇಲೆ ದೌರ್ಜನ್ಯ ಆಗುತ್ತಿದೆಯಾ ಅಂತ ಮೊದಲು ನೋಡಿ. ಗರ್ಭಕೋಶ ತೆಗೆದರೆ ದೌರ್ಜನ್ಯ ನಿಲ್ಲುವುದಿಲ್ಲ, ಗೊತ್ತಾಗದೆ ಹೋಗುತ್ತದೆ ಅಷ್ಟೇ.

ಶಿರಸಿಯಿಂದ ಒಬ್ಬ ತಂದೆ: ಮಗನಿಗೆ 18 ತುಂಬಿತು. ಮಕ್ಕಳ ವಿಭಾಗದವರು ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ ಅಂದರು. ಅಲ್ಲಿ ಹೋದರೆ ಆಟಿಸಂ ನಾವು ನೋಡಲ್ಲ ಅಂದರು. ಎಲ್ಲಿಗೆ ಹೋಗಬೇಕು? ಕಾಗದಪತ್ರ ಏನು ಮಾಡಿಸಬೇಕು?

ಡಾಕ್ಟರ್: ಈ ಕಂದಕ ನಿಜ. ಬ್ರಿಟನ್‌ನಲ್ಲಿ ಬೌದ್ಧಿಕ ವಿಕಲತೆಯ ಮನೋವೈದ್ಯಶಾಸ್ತ್ರ ಅಂತ ಪ್ರತ್ಯೇಕ ವಿಭಾಗವೇ ಇದೆ. ನಮ್ಮಲ್ಲಿ ವಯಸ್ಕರಿಗಾಗಿ ಹಾಗೆ ಬೆಳೆದಿಲ್ಲ. ಬೆಳೆಯಲೇಬೇಕು, ಅದನ್ನು ಕೇಳುವ ಧ್ವನಿ ನಿಮ್ಮಂಥ ತಂದೆತಾಯಿಯರಿಂದಲೂ ಬರಬೇಕು.

ಇವತ್ತಿಗೆ ದಾರಿ ಹೇಳುತ್ತೇನೆ. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಕ್ಲಿನಿಕ್ ನಡೆಸುತ್ತಾರೆ, ನಿಮ್ಮಲ್ಲಿ ಯಾವ ವಾರ ಅಂತ ವಿಚಾರಿಸಿ. ಅಲ್ಲಿ ‘ಆಟಿಸಂಗೆ ಬಂದಿದ್ದೇವೆ’ ಅನ್ನಬೇಡಿ. ‘ನಿದ್ದೆ ಇಲ್ಲ, ಭಯ ಜಾಸ್ತಿ, ಎರಡು ತಿಂಗಳಿಂದ ಬದಲಾಗಿದ್ದಾನೆ’ ಅಂತ ಇರುವ ತೊಂದರೆಯನ್ನೇ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬೌದ್ಧಿಕ ವಿಕಲತೆಯನ್ನೇ ಮಾನಸಿಕ ಕಾಯಿಲೆ ಅನ್ನುವುದಿಲ್ಲ, ಅದು ಸರಿಯೇ. ಆದರೆ ಬೌದ್ಧಿಕ ವಿಕಲತೆಯೋ ಆಟಿಸಮ್ಮೋ ಇರುವವರಿಗೆ ಮಾನಸಿಕ ಕಾಯಿಲೆಯೂ ಬಂದರೆ ಬೇರೆಯವರಷ್ಟೇ ಚಿಕಿತ್ಸೆಯ ಹಕ್ಕು ಇದೆ.

ಕಾಗದ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರ ನಿರಾಮಯ ಅನ್ನುವ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಪೋಷಕತ್ವಕ್ಕೆ, ಅಂದರೆ ಅವನ ಪರವಾಗಿ ತೀರ್ಮಾನ ಮಾಡುವ ಕಾನೂನಿನ ಅಧಿಕಾರಕ್ಕೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಆದರೆ ಅವಸರ ಬೇಡ. ಬ್ಯಾಂಕ್, ಆಸ್ತಿಯಂಥ ಯಾವ ವಿಷಯಕ್ಕೆ ನಿಜವಾಗಿ ಬೇಕು ಅಂತ ಮೊದಲು ನೋಡಿ. ಅವನು ತಾನೇ ತೀರ್ಮಾನ ಮಾಡಬಹುದಾದದ್ದನ್ನು ಅವನಿಂದ ಕಿತ್ತುಕೊಳ್ಳುವುದು ಬೇಡ. ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ಅವನು ತನ್ನ ಪರವಾಗಿ ಒಬ್ಬರನ್ನು ಪ್ರತಿನಿಧಿಯಾಗಿ ಹೆಸರಿಸಬಹುದು. ಒಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು, ಹೆಬ್ಬೆಟ್ಟೂ ನಡೆಯುತ್ತದೆ.

ಶಿರಸಿಯ ತಂದೆ: ಧನ್ಯವಾದ ಮೇಡಂ. ಆಸ್ಪತ್ರೆಯಲ್ಲಿ ಎರಡು ಗಂಟೆ ಕಾಯಿಸುತ್ತಾರೆ, ಅಷ್ಟರಲ್ಲಿ ಅವನು ಕಿರುಚಲು ಶುರು ಮಾಡುತ್ತಾನೆ. ಒಳಗೆ ಹೋದಾಗ ಡಾಕ್ಟರ್ ನೋಡುವುದು ಅದನ್ನೇ.

ಡಾಕ್ಟರ್: ಅಂಗವಿಕಲರನ್ನು ಮೊದಲು ನೋಡಬೇಕು ಅಂತ 2016ರ ಕಾಯ್ದೆಯಲ್ಲೇ ಇದೆ. ಚೀಟಿ ಮಾಡಿಸುವಾಗ ಕಾರ್ಡ್ ತೋರಿಸಿ, ಸಮಾಧಾನವಾಗಿ ಕೇಳಿ. ಆಗದಿದ್ದರೆ ಒಬ್ಬರು ಸಾಲಿನಲ್ಲಿ ನಿಲ್ಲಿ, ಅವನು ಹೊರಗೆ ಮರದ ಕೆಳಗೋ ಗಾಡಿಯಲ್ಲೋ ಇರಲಿ. ಮನೆಯಲ್ಲಿ ಅವನು ಮಾಮೂಲಿಯಾಗಿರುವಾಗಿನ ಒಂದು ವಿಡಿಯೋ, ತೊಂದರೆ ಆದಾಗಿನ ಒಂದು ವಿಡಿಯೋ ಫೋನಿನಲ್ಲಿರಲಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆಯುರ್ವೇದದ್ದೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ತನ್ನಿ. ಅದೇ ಹಾಳೆಯ ಹಿಂದೆ ಅವನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ, ‘ಬೇಡ’ ಅನ್ನುವುದನ್ನು ಹೇಗೆ ತೋರಿಸುತ್ತಾನೆ ಅಂತ ಬರೆಯಿರಿ. ಡಾಕ್ಟರ್ ನಿಮ್ಮ ಜೊತೆ ಮಾತ್ರ ಮಾತಾಡುತ್ತಿದ್ದರೆ, ‘ಅವನಿಗೂ ಒಂದು ಮಾತು ಕೇಳಿ ಸಾರ್’ ಅನ್ನಿ. ಉತ್ತರ ಬರಲು ಒಂದು ನಿಮಿಷ ಬೇಕಾದರೆ ಆ ಒಂದು ನಿಮಿಷ ನೀವೂ ಮಧ್ಯೆ ಮಾತಾಡಬೇಡಿ.